ನೂರಕ್ಕೆ ಎಪ್ಪತ್ತೊಂದು ನೀನು

ಚೆಂಗಲಪ್ಪಾರ, ಕಣ್ಣೂರು ಜಿಲ್ಲೆ
ನವೆಂಬರ್ ೧೧, ಸೋಮವಾರ

ಏಟ್ಟನಿಗೆ,

ಅಣ್ಣನಿಗೆ ಬರೆಯುವ ಕಾಗದದಲ್ಲಿ ‘ಏಟ್ಟನಿಗೆ’ ಎಂಬುದರ ಮೊದಲು ‘ಪ್ರೀತಿಯ’ ಎಂದು ಇರಬೇಕು. ಕೈ ಬರಲಿಲ್ಲ, ಬಿಟ್ಟಿದ್ದೇನೆ. ಆರೋಗ್ಯ ಹೇಗಿದೆ? ಇದನ್ನು ವಾಡಿಕೆಗೆ ಕೇಳುತ್ತಿಲ್ಲ, ತಿಳಿಯಬೇಕಾಗಿಯೇ ಕೇಳುತ್ತಿದ್ದೇನೆ. ಕೃಷ್ಣಗಿರಿಯ ಕಡೆ ಡೆಂಗಿ ಇದೆಯಂತೆ, ಶೆಡ್ಡಿನಲ್ಲಿ ಸೊಳ್ಳೆಪರದೆ ಕಟ್ಟಿಕೊಂಡು ಮಲಗು. ಕೆಮ್ಮು ಇದ್ದರೆ ಬೀಡಿ ಬಿಡು, ಇಲ್ಲದಿದ್ದರೂ ಬಿಡು. ಭಾನುವಾರ ನೀನು ಅಮ್ಮನಿಗೆ ಫೋನ್ ಮಾಡುತ್ತೀಯ, ಅವಳು ನನ್ನ ಹೆಸರೆತ್ತಿದ ಕೂಡಲೇ ಕಟ್ ಮಾಡುತ್ತೀಯ. ನನ್ನ ನಂಬರನ್ನಂತೂ ಬ್ಲಾಕ್ ಮಾಡಿ ಆರು ವಾರವಾಯಿತು. ಹಾಗಾಗಿ ಈ ಕಾಗದ. ಅಸೀಸಿಕ್ಕ ಗುರುವಾರ ಲಾರಿ ತೆಗೆದುಕೊಂಡು ಆ ಕಡೆ ಹೊರಡುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಓದದೆ ಹರಿದರೆ ಅದೂ ನನಗೆ ತಿಳಿಯುತ್ತದೆ. ನೀನು ಓದುವ ತನಕ ಕಣ್ಣೆದುರೇ ನಿಂತಿರು ಎಂದು ಅವನಿಗೆ ಹೇಳಿದ್ದೇನೆ.

ವಿಷಯ ಇಷ್ಟು. ಹೋದ ಮಂಗಳವಾರ ಆಸ್ಪತ್ರೆಯಲ್ಲಿ ನನ್ನ ರಕ್ತ ಎಣಿಸಿದರು. ಮೇ ತಿಂಗಳಲ್ಲಿ ನಿನ್ನ ರಕ್ತದಿಂದ ತೆಗೆದ ಮೂಲಕಣಗಳನ್ನು ನನ್ನೊಳಗೆ ಹರಿಸಿದ ಮೇಲೆ ನೂರನೆಯ ದಿನ ನೋಡಿದಾಗ ನೂರಕ್ಕೆ ತೊಂಬತ್ತೆಂಟು ನಿನ್ನವಿದ್ದವು. ನೀನು ಗಂಡು, ನಾನು ಹೆಣ್ಣು, ಹಾಗಾಗಿ ಯಾವುದು ಯಾರದೆಂದು ಬೇರ್ಪಡಿಸುವುದು ಸುಲಭ ಎಂದು ಡಾಕ್ಟರ್ ಮರಿಯಾಮ್ಮ ನಕ್ಕಿದ್ದರು. ಈಗ ಎಪ್ಪತ್ತೊಂದು. ಉಳಿದ ಇಪ್ಪತ್ತೊಂಬತ್ತು ನನ್ನ ಹಳೆಯವು. ಕುತ್ತಿಗೆಯಲ್ಲಿ, ಕಂಕುಳಲ್ಲಿ ಗಂಟು ಬೆಳೆಸಿದ್ದು ಅದೇ ಸಂತಾನ. ಸ್ಕ್ಯಾನಿನಲ್ಲಿ ಸದ್ಯಕ್ಕೆ ಗಂಟಿಲ್ಲ. ಆದರೆ ಹೀಗೇ ಬಿಟ್ಟರೆ ಆ ಗಂಟಿನ ಕ್ಯಾನ್ಸರ್, ಲಿಂಫೋಮ, ಮರಳಿ ಬರುತ್ತದೆ, ಬಂದರೆ ಇನ್ನು ಕೊಡಲು ಅವರ ಬಳಿ ಹೊಸ ಔಷಧಿ ಏನೂ ಇಲ್ಲ. ಬರುವ ಮೊದಲೇ ನಿನ್ನ ಬಿಳಿ ರಕ್ತಕಣಗಳನ್ನು ಇನ್ನೊಮ್ಮೆ ತೆಗೆದು ನನಗೆ ಕೊಡಬೇಕಂತೆ. ಅಂದಿನಿಂದ ಅಮ್ಮನದು ಒಂದೇ ಜಪ: “ಬರಿ ಮೋಳೇ, ಬರಿ ಮಗಳೇ. ಅಣ್ಣನ ಕಾಲು ಹಿಡ್ಕೊಂಡೆ ಅಂತ ಬರಿ.” ನಾನು ಯಾರ ಕಾಲನ್ನೂ ಹಿಡಿದವಳಲ್ಲ. ಆಸ್ಪತ್ರೆ ಹೇಳಿದ್ದನ್ನು ತಿಳಿಸಿದ್ದೇನೆ, ಅಷ್ಟೇ.

ಮನೆಯ ಕಥೆ ನೀನು ಬಿಟ್ಟುಹೋದಲ್ಲೇ ಇದೆ. ಗುಡ್ಡದ ಕಡೆಯ ಕಿಟಕಿ ಮುಚ್ಚಿಯೇ ಇದೆ. ನನಗೆ ಸೋಂಕು ತಗಲದಿರಲು ನೀರು ಇಪ್ಪತ್ತು ನಿಮಿಷ ಕುದಿಯಬೇಕು, ಪುಟ್ಟು ಹಬೆಯಿಂದ ನೇರ ತಟ್ಟೆಗೆ ಬೀಳಬೇಕು, ಮೊಸರು ಆಗದು, ಹಸಿಚಟ್ನಿ ಆಗದು, ಮನೆಯೊಳಗೆ ಹೂ ತರುವಂತಿಲ್ಲ. ಅಮ್ಮ ಕೋಳಿಗಳನ್ನು ಪಕ್ಕದ ಮನೆಯ ನಾರಾಯಣಿ ಏಚ್ಚಿಗೆ ಕೊಟ್ಟುಬಿಟ್ಟಳು. ಈಗ ಅವು ದಿನಾ ಬೇಲಿ ದಾಟಿ ಅಂಗಳಕ್ಕೇ ಬರುತ್ತವೆ, ಅಮ್ಮ ಹಿಡಿಸೂಡಿ ಹಿಡಿದು ಅಟ್ಟುತ್ತಾಳೆ, ಆಮೇಲೆ ಅಡುಗೆಮನೆಯಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಾಳೆ. ನೇಯ್ಗೆ ಸೊಸೈಟಿಗೆ ಮತ್ತೆ ಹೋಗುತ್ತಿದ್ದಾಳೆ. ಸಂಜೆ ಬಂದು ಸೌದೆಕೊಟ್ಟಿಗೆಯಲ್ಲಿ ಸೀರೆ ಬದಲಿಸಿ, ಕೂದಲಲ್ಲಿದ್ದ ಹತ್ತಿನೂಲಿನ ಎಳೆ ತೊಳೆದು, ಆಮೇಲೆ ಒಳಗೆ ಕಾಲಿಡುತ್ತಾಳೆ. ಹುಟ್ಟಿದ ಮಗುವಿಗೆ ಹಾಕಿಸುವ ಚುಚ್ಚುಮದ್ದುಗಳನ್ನೆಲ್ಲ ನನಗೆ ಮೊದಲಿನಿಂದ ಹಾಕಿಸಬೇಕಂತೆ. ಇಪ್ಪತ್ತಮೂರು ವರ್ಷದ ಮಗು. ನನ್ನ ರಕ್ತದ ಗುಂಪೂ ಬದಲಾಗಿ ನಿನ್ನದೇ ಆಗಿದೆ ಎಂಬ ಸುದ್ದಿ ಊರೆಲ್ಲ ಹರಡಿದೆ. ನಾರಾಯಣಿ ಏಚ್ಚಿ ಬೇಲಿಯ ಆಚೆ ನಿಂತು ಕೋಳಿಗೆ ಹೇಳುವವಳ ಹಾಗೆ ನನಗೆ ಕೇಳಿಸುತ್ತಾಳೆ: “ಮೈ ತುಂಬ ಅಣ್ಣನ ರಕ್ತ. ಬಾಯಿ ಮಾತ್ರ ಅವಳದ್ದೇ ಉಳ್ಕೊಂಡಿದೆ.”

ಹೌದು, ಉಳಿದಿದೆ. ಆ ಬಾಯಿಂದಲೇ ಹೇಳುತ್ತೇನೆ. ನೀನು ಓಡಿಹೋದೆ. ಕೋರೆಯ ವಿರುದ್ಧ ನಾನು ಬರೆದ ಕರಪತ್ರದಲ್ಲಿ ನಿನ್ನ ಹೆಸರು ಬಂತೆಂದು ಮಾನ ಹೋದವನ ಹಾಗೆ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆ. ಅದರಲ್ಲಿ ಸುಳ್ಳು ಎಲ್ಲಿತ್ತು? ಚೆಂಗಲಪ್ಪಾರ ಗುಡ್ಡದ ಕೆಂಪುಕಲ್ಲನ್ನು ಕೊಯ್ದು ಮಾರುವವನು ಹೊರಗಿನ ಮಾಲೀಕ, ಕೊಯ್ದುಕೊಡುವವರು ಊರಿನ ಎಂಟು ಮಂದಿ. ಎಂಟು ಹೆಸರನ್ನೂ ಬರೆದೆ. ಗುಡ್ಡ ಉಳಿಸುವ ಸಮಿತಿಯವರು “ನಿನ್ನ ಅಣ್ಣನ ಹೆಸರು ಬಿಡಾಣ, ಪಾಪ, ಈಗಷ್ಟೇ ನಿನಗೆ ಜೀವ ಕೊಟ್ಟಿದಾನೆ” ಎಂದರು. ಅವನದನ್ನು ಬಿಟ್ಟರೆ ಉಳಿದ ಏಳು ಹೆಸರು ಬರೆಯುವ ಹಕ್ಕು ನನಗಿಲ್ಲ ಎಂದು ನಿನ್ನದನ್ನೇ ಮೊದಲು ಹಾಕಿದೆ. ಹನ್ನೆರಡು ಬಾವಿ ಬತ್ತಿವೆ. ಶಾಲೆಯ ಗೋಡೆ ಬಿರುಕುಬಿಟ್ಟಿದೆ. ನೀನು ಯಂತ್ರದ ಮೇಲೆ ಕೂತು ಕೊಯ್ದ ಗುಡ್ಡದ ನೀರನ್ನೇ ನಾವು ಸಣ್ಣವರಿದ್ದಾಗ ಕುಡಿದದ್ದು. ಅಪ್ಪ ತೀರಿಕೊಂಡಾಗ ನಿನಗೆ ಹದಿನೇಳು, ಅಮ್ಮನ ಮಗ್ಗ ಸಾಲುತ್ತಿರಲಿಲ್ಲ, ಅದಕ್ಕೇ ಕಲ್ಲಿನ ಕೋರೆಗೆ ಇಳಿದೆ. ಈ ಮಾತು ಹೇಳಿಯೇ ಎಲ್ಲರೂ ನನ್ನ ಬಾಯಿ ಮುಚ್ಚಿಸುತ್ತಾರೆ. ಹದಿನೇಳಕ್ಕೆ ಇಳಿದದ್ದು ಕಷ್ಟ. ಮೂವತ್ತೆರಡಕ್ಕೂ ಅಲ್ಲೇ ಕೂತದ್ದು ಅಭ್ಯಾಸ. ಕಷ್ಟವನ್ನು ಕ್ಷಮಿಸಬಹುದು, ಅಭ್ಯಾಸವನ್ನು ಕ್ಷಮಿಸಲಾಗದು.

ಈಗ ಅಲ್ಲಿ ಕರಿಕಲ್ಲು ಕೊಯ್ಯುತ್ತಿದ್ದೀಯ. ಇನ್ಯಾರದೋ ಗುಡ್ಡ, ಇನ್ಯಾರದೋ ಬಾವಿ. ನನ್ನ ಕರಪತ್ರ ತಮಿಳಿನಲ್ಲಿ ಅಚ್ಚಾಗಿಲ್ಲವೆಂದು ನೆಮ್ಮದಿಯಾಗಿದ್ದೀಯೋ ಏನೋ.

ನೀನು ಹೋದೆ ಎಂದು ಇಲ್ಲಿ ಕೋರೆಯೇನೂ ನಿಂತಿಲ್ಲ. ಸಮಿತಿಯವರು ಒಂದು ದಿನ ಗೆದ್ದೆವೆಂದು ಕುಣಿದರು. ಮರುದಿನವೇ ಮಾಲೀಕ ನಿನ್ನ ಯಂತ್ರದ ಮೇಲೆ ಬೇರೆಯವನನ್ನು ಕೂರಿಸಿದ. ಅಕ್ಟೋಬರ್ ಮೊದಲ ವಾರದಿಂದ ನನ್ನ ಕೋಣೆಯೊಳಗೆ ಕೆಂಪು ಧೂಳು. ಕಿಟಕಿ ಮುಚ್ಚಿದ್ದರೂ ಸಂದಿಯಲ್ಲಿ ಬರುತ್ತದೆ. ಅಮ್ಮ ದಿನಕ್ಕೆ ಮೂರು ಸಲ ಒದ್ದೆಬಟ್ಟೆಯಲ್ಲಿ ಒರೆಸುತ್ತಾಳೆ. ಮಣ್ಣಿನ ಧೂಳಲ್ಲಿ ಬೂಷ್ಟು ಇರುತ್ತದೆ, ನನ್ನಂಥವರ ಶ್ವಾಸಕೋಶಕ್ಕೆ ಅದು ಹೋದರೆ ಕಷ್ಟ ಎಂದು ಡಾಕ್ಟರು ಬೈದರು. ನೀನಿದ್ದಾಗ ಇರದ ಧೂಳು ಈಗ ಎಲ್ಲಿಂದ ಎಂದು ನನಗೂ ತಿಳಿಯಲಿಲ್ಲ. ಗಾಳಿ ತಿರುಗಿರಬೇಕು ಅಂದುಕೊಂಡೆ. ಮೊನ್ನೆ ನಿನ್ನ ಜೊತೆಗೆ ಕಲ್ಲು ಹೊರುತ್ತಿದ್ದ ಪವಿತ್ರನ್ ಬಂದು ಗೇಟಿನಲ್ಲೇ ನಿಂತು ಅಮ್ಮನ ಹತ್ತಿರ ಹೇಳಿದ್ದು ಕೇಳಿಸಿತು. “ರಿಜಿಲ್ ಇರೋವಾಗ ಬೆಳಿಗ್ಗೆ ಆರಕ್ಕೇ ಬಂದು ಗುಂಡಿಗೂ ದಾರಿಗೂ ಎರಡು ಟ್ಯಾಂಕ್ ನೀರು ಹೊಡೀತಿದ್ದ ಅಮ್ಮಾ. ಕೆಸರಲ್ಲಿ ಬ್ಲೇಡು ಸಿಕ್ಕಿಕೊಳ್ತದೆ ಅಂತ ನಾವೆಲ್ಲ ಬೈತಿದ್ವಿ. ‘ನನ್ನ ತಂಗಿ ಕೆಳಗೆ ಮಲಗಿದ್ದಾಳೆ ಕಣೋ, ಮುಚ್ಕೊಂಡು ಕೆಲಸ ಮಾಡಿ’ ಅಂತಿದ್ದ.”

ಇದನ್ನು ನೀನು ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ ಕರಪತ್ರದಲ್ಲಿ ಧೂಳಿನ ಬಗ್ಗೆ ಬರೆದ ಎರಡು ಸಾಲು ಬಿಡುತ್ತಿದ್ದೆನೇ ಎಂದು ಎಷ್ಟು ಸಲ ಕೇಳಿಕೊಂಡರೂ ಉತ್ತರ ಒಂದೇ: ಬಿಡುತ್ತಿರಲಿಲ್ಲ. ಒಬ್ಬ ತಂಗಿಯ ಕಿಟಕಿಗೆ ಧೂಳು ಬಾರದ ಹಾಗೆ ನೀರು ಹೊಡೆದರೆ ಗುಡ್ಡದ ಆ ಕಡೆಯ ನಲವತ್ತು ಮನೆಗಳ ಕಿಟಕಿಗೆ ಏನಾಯಿತು? ನೀರು ಚಿಮುಕಿಸಿದ ಅನ್ಯಾಯವೂ ಅನ್ಯಾಯವೇ. ಆದರೆ ಧೂಳಿನ ಆ ಸಾಲುಗಳ ಕೆಳಗೆ ನಿನ್ನ ಹೆಸರು ಇರಬಾರದಿತ್ತು. ಆ ಒಂದು ಜಾಗದಲ್ಲಿ ನಾನು ವಿಚಾರಿಸದೆ ಬರೆದೆ. ವಿಚಾರಿಸದೆ ಬರೆಯುವವರನ್ನು ನಾನೇ ವಾಚನಾಲಯದ ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿದವಳು. ಇದನ್ನು ಒಪ್ಪಿಕೊಂಡಿದ್ದೇನೆ, ಇನ್ನು ಈ ಮಾತು ಬೇಡ.

ನಿನ್ನ ಪ್ರಶ್ನೆಗೆ ಉತ್ತರ ಕೊಡಬೇಕಿದೆ. ಹೋಗುವ ದಿನ ಒಳಗೆ ಬರದೆ ಕಿಟಕಿಯ ಹೊರಗೆ ನಿಂತು, ಕರಪತ್ರವನ್ನು ಗಾಜಿಗೆ ಒತ್ತಿಹಿಡಿದು ಬೆರಳಿಟ್ಟು ತೋರಿಸಿದೆಯಲ್ಲ. ‘ಇನ್ನೊಬ್ಬರ ಮೈ ಕರಗಿಸಿ ತಾನು ಬದುಕುವವನಿಗೆ ಮನುಷ್ಯನೆಂಬ ಹೆಸರು ಸಲ್ಲದು’ ಎಂಬ ಸಾಲು. ಮಾಲೀಕನ ಬಗ್ಗೆ ಬರೆದದ್ದು. ನೀನು ಕೂಗಲೂ ಇಲ್ಲ. “ಹಂಗಾದ್ರೆ ನೀನ್ಯಾರೇ?” ಎಂದು ಕೇಳಿ ಹೋದೆ. ನಾನು ಗಾಜಿನ ಈಚೆ ಮಾಸ್ಕ್ ಕಟ್ಟಿಕೊಂಡು ಕೂತಿದ್ದೆ. ವೇದಿಕೆಯ ಮೇಲೆ ಯಾರಿಗೂ ಸೋಲದವಳು, ನಿನ್ನ ಎರಡು ಪದಕ್ಕೆ ಸೋತು ಆರು ವಾರ ಕೂತಿದ್ದೇನೆ. ನನ್ನಲ್ಲಿರುವ ಕಿರುಹೊತ್ತಿಗೆಗಳನ್ನೆಲ್ಲ ತಿರುವಿಹಾಕಿದೆ. ಕೂಲಿಯ ಬಗ್ಗೆ ಇದೆ, ಲಾಭದ ಬಗ್ಗೆ ಇದೆ, ಎರಡೂ ತೋಳಿಗೆ ಸೂಜಿ ಚುಚ್ಚಿಸಿಕೊಂಡು ನಾಲ್ಕು ಗಂಟೆ ಅಲ್ಲಾಡದೆ ಮಲಗುವ ಅಣ್ಣನ ಬಗ್ಗೆ ಯಾರೂ ಬರೆದಿಲ್ಲ. ಅದಕ್ಕೂ ಮೊದಲು ಐದು ದಿನ ಇಂಜೆಕ್ಷನ್ ಚುಚ್ಚಿಸಿಕೊಂಡು ಸೊಂಟದ ಮೂಳೆ ಸಿಡಿಯುತ್ತಿದೆ ಎಂದು ನರಳಿದೆ. ಆ ದಿನ ಮೂಗು ತುರಿಸಿತೆಂದು ನರ್ಸಿನ ಕೈಯಲ್ಲಿ ಕೆರೆಸಿಕೊಂಡೆ. “ನನ್ನ ರಕ್ತ ಹೋದ್ಮೇಲಾದ್ರೂ ಇವಳಿಗೆ ಸ್ವಲ್ಪ ಬುದ್ಧಿ ಬರ್ಲಿ ಸಿಸ್ಟರ್” ಎಂದೆಯಂತೆ. ನರ್ಸು ನನ್ನ ಗಾಜಿನ ಕೋಣೆಗೆ ಬಂದು ಅದನ್ನು ಹೇಳಿ ನಕ್ಕಳು. ಬಾಯೆಲ್ಲ ಹುಣ್ಣಾಗಿ ನನಗೆ ಬೈಯಲು ಆಗಲಿಲ್ಲ.

ಉತ್ತರ ನಾನೇ ಕಂಡುಕೊಂಡಿದ್ದೇನೆ. ಮಾಲೀಕನಿಗೂ ನನಗೂ ವ್ಯತ್ಯಾಸ ಇದೆ. ಅವನು ಕೇಳುವುದಿಲ್ಲ, ನಿನ್ನ ಹಸಿವನ್ನು ಮುಂದಿಟ್ಟು ತೆಗೆದುಕೊಳ್ಳುತ್ತಾನೆ. ಕೊಟ್ಟದ್ದು ಬೇರೆ, ಕಿತ್ತದ್ದು ಬೇರೆ. ಹಾಗೆಂದು ಬರೆದು, ಪೂರ್ಣವಿರಾಮ ಹಾಕಿ, ಆಮೇಲೆ ನೋಡಿದರೆ ಇದು ನನ್ನ ಪರವಾಗಿಲ್ಲ. ಮೇ ತಿಂಗಳಲ್ಲಿ ನಿನ್ನನ್ನು ಕೇಳಿದ್ದು ಡಾಕ್ಟರು, ಅತ್ತದ್ದು ಅಮ್ಮ. ನಾನು ಕೇಳಿಯೇ ಇಲ್ಲ. ಅದು ನನ್ನ ಹಕ್ಕು ಎಂಬಂತೆ ಮಲಗಿದ್ದೆ. ಇಷ್ಟು ಬರೆಯಲು ನನಗೆ ಎಷ್ಟು ಉರಿಯುತ್ತಿದೆ ಎಂದು ನಿನಗೆ ಗೊತ್ತಾಗಲಿ.

ಇನ್ನೊಂದು ಕೇಳು, ನಿನಗೆ ಖುಷಿಯಾಗುತ್ತದೆ. ಜುಲೈಯಲ್ಲಿ ನನ್ನ ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಎದ್ದಿತ್ತಲ್ಲ, ಅದು ನಿನ್ನ ಕಣಗಳು ನನ್ನ ಮೈಯನ್ನು ಪರರ ಮನೆಯೆಂದು ತಿಳಿದು ಮಾಡಿದ ಹೊಡೆದಾಟ. ಆಗ ನಾನು ಹಲ್ಲು ಕಚ್ಚಿ ನಿನ್ನನ್ನೇ ಶಪಿಸಿದ್ದೆ. ಮೊನ್ನೆ ಡಾಕ್ಟರ್ ಮರಿಯಾಮ್ಮ ನನ್ನ ಕೈ ತಿರುಗಿಸಿ ನೋಡಿದರು, ಚರ್ಮ ಎಳೆಮಗುವಿನ ಹಾಗೆ ನಯವಾಗಿದೆ. ಅವರು ಮುಖ ಸಣ್ಣ ಮಾಡಿದರು. “ನಿನ್ನ ಅಣ್ಣನ ಕಣ ನಿನ್ನ ಜೊತೆ ಸ್ವಲ್ಪ ಜಗಳ ಆಡ್ತಾ ಇರ್ಬೇಕು ಮೋಳೇ. ಆ ಜಗಳದಲ್ಲೇ ಒಳಗಿರೋ ಕೆಟ್ಟದ್ದು ಸಾಯೋದು. ಈಗ ಅವು ಸುಮ್ನೆ ಕೂತಿವೆ, ಅದೇ ನಂಗೆ ಭಯ.” ಹೊಸದಾಗಿ ಕೊಟ್ಟರೆ ಹೊಡೆದಾಟ ಅತಿಯಾಗಿ ಕರುಳು, ಯಕೃತ್ತು ಕೆಡಬಹುದು ಎಂದೂ ಹೇಳಿದರು. ಮುಚ್ಚಿಡಲಿಲ್ಲ. ಆ ಅಪಾಯ ನನ್ನದು, ಸಹಿ ಹಾಕಿದ್ದೇನೆ.

ಅಮ್ಮ ಆಶೀರ್ವಾದ ಹೇಳಿದ್ದಾಳೆ, ತೆಂಗಿನೆಣ್ಣೆಯಲ್ಲಿ ಹುರಿದ ಬಾಳೆಕಾಯಿ ಚಿಪ್ಸನ್ನು ಅಸೀಸಿಕ್ಕನ ಕೈಯಲ್ಲಿ ಕಳಿಸುತ್ತಿದ್ದಾಳೆ. ನಿನ್ನನ್ನು ವಿಚಾರಿಸಿದೆನೆಂದು ತಿಳಿಸು ಎಂದು ಪವಿತ್ರನ್ ಹೇಳಿದ. ನಾನು ಹೇಳಿಕಳಿಸುವಂಥದ್ದು ಏನೂ ಇಲ್ಲ.

ಇತಿ,
ತಂಗಿ (ಆಸ್ಪತ್ರೆಯ ದಾಖಲೆಯ ಪ್ರಕಾರ),
ಪ್ರಜಿಷಾ

ಇನ್ನೊಂದು ಮಾತು: ಗುರುವಾರ ಬೆಳಿಗ್ಗೆ. ಅಸೀಸಿಕ್ಕ ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ನವೆಂಬರ್ ೨೬, ಮಂಗಳವಾರ, ಏಳು ಗಂಟೆಗೆ ಆಸ್ಪತ್ರೆಯ ರಕ್ತನಿಧಿ. ಈ ಸಲ ಮೂಳೆ ನೋಯಿಸುವ ಇಂಜೆಕ್ಷನ್ ಇಲ್ಲ, ಸೂಜಿ ಮಾತ್ರ. ಮೂರು ದಿನ ಮೊದಲಿಂದ ಕುಡಿಯಬೇಡ, ಹೊಟ್ಟೆ ತುಂಬ ತಿಂದು ಬಾ. ಏಟ್ಟಾ, ನಾನೇ ಕೇಳುತ್ತಿದ್ದೇನೆ, ಕೊಡುತ್ತೀಯಾ? ಧೂಳಿನ ಆ ಎರಡು ಸಾಲಿನ ಕೆಳಗಿದ್ದ ನಿನ್ನ ಹೆಸರೊಂದನ್ನು ಬಿಟ್ಟು ಕರಪತ್ರದ ಉಳಿದದ್ದನ್ನು ನಾನು ಹಿಂದೆಗೆದಿಲ್ಲ, ಅದನ್ನೂ ತಿಳಿದೇ ಯೋಚಿಸು. ಸೂಜಿ ಚುಚ್ಚುವ ಮೊದಲು ನಿನ್ನೊಬ್ಬನನ್ನೇ ಕೋಣೆಗೆ ಕರೆದು, ಬಾಗಿಲು ಹಾಕಿ, ನಿಜವಾಗಿ ಮನಸ್ಸಿದೆಯೇ ಎಂದು ಕೇಳುತ್ತಾರೆ. ಇಲ್ಲ ಎಂದರೆ ಆ ಮಾತು ಅಲ್ಲಿಂದ ಹೊರಗೆ ಬರುವುದಿಲ್ಲ. ‘ದಾನಿಯ ಆರೋಗ್ಯ ಈಗ ಇದಕ್ಕೆ ಒಗ್ಗುವುದಿಲ್ಲ’ ಎಂದಷ್ಟೇ ನಮಗೆ ಹೇಳುತ್ತಾರೆ. ಅಮ್ಮನಿಗೆ ನಾನು ಅದನ್ನೇ ನಂಬಿಸುತ್ತೇನೆ.