ಬೀರುವಿನ ಮೇಲಿನ ಕಾಯಿ

ಅಜ್ಜಿಗೆ ಲಿಖಿತಾಳ ನಮಸ್ಕಾರ. ಫೋನಿನಲ್ಲಿ ಹೇಳಿದರೆ ಮನೆಮಂದಿಯೆಲ್ಲ ಸ್ಪೀಕರ್ ಹಾಕಿಕೊಂಡು ನಗುತ್ತೀರಿ, ಅದಕ್ಕೇ ಈ ಕಾರ್ಡು.

ಪೋಲೆಂಡಿನ ಈ ಕಾಲೇಜಿನಲ್ಲಿ ಆಹಾರ ಕೆಡದಂತೆ ಇಡುವ ಪಾಠಕ್ಕೆ ಮೇಷ್ಟ್ರು ತೆಂಗಿನಕಾಯಿ ಒಣಗಿಸಿ ತೋರಿಸಿ ಎಂದರು. ಬೇರೆಯವರು ಒಡೆದು, ಹೆಚ್ಚಿ, ಓವನ್ನಿನಲ್ಲಿಟ್ಟು ಒಂದೇ ದಿನದಲ್ಲಿ ಮುಗಿಸಿದರು. ನಾನು ತಿಪಟೂರಿನವಳಲ್ಲವೇ! ಇಡೀ ಕಾಯಿಯನ್ನೇ ಹಾಸ್ಟೆಲ್ಲಿನ ಬೀರುವಿನ ಮೇಲಿಟ್ಟು, "ನಮ್ಮಲ್ಲಿ ಅಟ್ಟದ ಮೇಲೆ ಹೀಗೇ ಉಂಡೆ ಕೊಬ್ಬರಿ ಮಾಡುತ್ತಾರೆ, ಒಂದು ವರ್ಷ ಬೇಕು" ಎಂದು ಜಂಬ ಕೊಚ್ಚಿಕೊಂಡೆ. ಮೂರನೇ ವಾರಕ್ಕೇ ಕಾಯಿ ಬಿರಿದು, ಕೊಳೆತ ನೀರು ರೂಮ್‌ಮೇಟ್ ಕೋಟಿನ ಮೇಲೆ ಸುರಿಯಿತು. ಹಾಳಾದವರು ಇಲ್ಲಿ ಸುಲಿದ ಕಾಯಿಯನ್ನೇ ಮಾರುತ್ತಾರೆ! "ಸಿಪ್ಪೆ ಇಲ್ದಿದ್ನ ಅಟ್ಟಕ್ಕೆ ಹಾಕ್‌ಬ್ಯಾಡ ಕಣೇ, ಕೊಳ್ತೋಯ್ತದೆ" ಎಂದು ನೀನು ಕೂಗುತ್ತಿದ್ದದ್ದು ಆಮೇಲೆ ನೆನಪಾಯಿತು.

ಮೈ ಹುಷಾರಾಗಿದೆ, ರೂಮಿನ ನಾತ ಮಾತ್ರ ಹೋಗಿಲ್ಲ. ಮೇಷ್ಟ್ರು ಸೊನ್ನೆ ಹಾಕಿ ಬಿಟ್ಟಿದ್ದರೆ ಸಾಕಿತ್ತು. "ನಿಮ್ಮ ಅಟ್ಟದಲ್ಲಿ ವರ್ಷವಿಡೀ ಏನಾಗುತ್ತದೆ, ಎರಡು ಪುಟ ಬರೆದು ತಾ" ಎಂದಿದ್ದಾರೆ. ಹದಿನೆಂಟು ವರ್ಷ ಅದರ ಕೆಳಗೇ ಮಲಗಿದ್ದೆನಲ್ಲ ಅಜ್ಜಿ, ನಾಲ್ಕು ಸಾಲು ಬರೆಯಲೂ ಬರುತ್ತಿಲ್ಲ. ಕಾರ್ಡು ತಲುಪಿದ ದಿನವೇ ಫೋನ್ ಮಾಡಿ ಎಲ್ಲ ಹೇಳಿಕೊಡು. ಸ್ಪೀಕರ್ ಮಾತ್ರ ಹಾಕಬೇಡ.

ಲಿಖಿತಾ