ಏಳು ಮನೆಯ ಪದ

ಪುಟ್ಟೇನಹಳ್ಳಿ, ಯಲಹಂಕ
೮ ಏಪ್ರಿಲ್ ೨೦೨೫

ಅತ್ತಿಗೆಯವರಿಗೆ ಅಂಜಿನಮ್ಮ ಮಾಡುವ ನಮಸ್ಕಾರ.

ಚಿಂತಾಮಣಿಯಲ್ಲಿ ಎಲ್ಲರೂ ಹೇಗಿದ್ದೀರಿ? ನಿಮ್ಮ ಮಂಡಿನೋವು ಇಳಿಯಿತೇ? ಫೋನ್ ಮಾಡಿದರೆ ನಮ್ಮ ನಂಬರು ನೋಡಿ ಎತ್ತುವುದಿಲ್ಲ ಅಂತ ಗೊತ್ತು, ಅದಕ್ಕೇ ಈ ಕಾಗದ. ಇಲ್ಲಿಯ ಸುದ್ದಿ ಅಷ್ಟು ಒಳ್ಳೆಯದಲ್ಲ, ಕೂತು ಓದಿ. ಶಿವರಾತ್ರಿಯಾದ ವಾರ ನಿಮ್ಮ ತಮ್ಮನಿಗೆ ಲಕ್ವ ಹೊಡೆಯಿತು. ಜೀವಕ್ಕೆ ಭಯವಿಲ್ಲ, ಗಾಬರಿಯಾಗಬೇಡಿ. ಬಲಗೈ ಏಳುತ್ತಿಲ್ಲ, ಬಾಯಿಂದ ಮಾತು ಬರುತ್ತಿಲ್ಲ. ಹೇಳಬೇಕು ಅನ್ನುವ ಆಸೆ ಇರುವವರೆಗೆ ಮಾತು ಮರಳುವ ದಾರಿ ಇದೆ, ಅವರೇ ಬೇಸತ್ತು ಬಿಟ್ಟರೆ ಕಷ್ಟ ಅಂತ ಡಾಕ್ಟರು ಹೇಳಿದ್ದಾರೆ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಈ ಒಂದು ಪ್ಯಾರಾ ಬರೆಯುವುದರೊಳಗೆ ಎದ್ದು ಹೋಗಿ ಅವರ ಮುಖ ನೋಡಿ ಬಂದೆ, ಬರುವಾಗ ಸುಮ್ಮನೆ ಒಲೆಯನ್ನೂ ಒರೆಸಿ ಬಂದೆ.

ಈಗ ಹೇಳುವ ಕತೆಯ ಮೊದಲ ಸುದ್ದಿ ತಂದವಳು ಕಿರಿಮಗಳು ಶರ್ವಾಣಿ, ಯುಗಾದಿಯ ಹಿಂದಿನ ಸಂಜೆ. ನಾನು ಹೋಳಿಗೆಗೆ ಹೂರಣ ರುಬ್ಬುತ್ತಿದ್ದೆ. "ಅಮ್ಮಾ, ಬಾ ಬೇಗ, ಅಪ್ಪ ಪದಬಂಧ ಬರೀತಿದಾರೆ!" ಎಂದು ಓಡಿಬಂದಳು. ಇವರ ಇಂಗ್ಲಿಷ್ ಪೇಪರಿನ ಪದಬಂಧದ ಹುಚ್ಚು ನಿಮಗೆ ಗೊತ್ತೇ ಇದೆಯಲ್ಲ. ಕಾಫಿ ಆರಿದರೂ ಪರವಾಗಿಲ್ಲ, ಪದಬಂಧದ ಮನೆಗಳು ತುಂಬಬೇಕು. "ಏಳಕ್ಷರದ್ದು ಒಂದ್ ಪದ ಹೇಳೇ" ಎಂದು ನನ್ನನ್ನೂ ಕೆಣಕುತ್ತಿದ್ದರು. ನಾನು "ಉಪ್ಪಿಟ್ಟು" ಅನ್ನುತ್ತಿದ್ದೆ. ಯು, ಪಿ, ಪಿ, ಐ ಎಂದು ಬೆರಳು ಮಡಚಿ ಎಣಿಸಿ, "ಲೆಕ್ಕ ಸರೀಗಿದೆ ಕಣೇ, ಆದ್ರೆ ಅದು ಇಂಗ್ಲಿಷಲ್ಲ" ಎಂದು ಹೊಟ್ಟೆ ಹಿಡಿದು ನಗುತ್ತಿದ್ದರು.

ಹೋಗಿ ನೋಡಿದರೆ ತೊಡೆಯ ಮೇಲೆ ಸ್ಲೇಟು, ಎಡಗೈಯಲ್ಲಿ ಬಳಪ. ಕುಂಟೆಬಿಲ್ಲೆ ಆಟದ ಹಾಗೆ ಸಾಲಾಗಿ ಏಳು ಸೊಟ್ಟ ಮನೆಗಳು. ಮೊದಲ ಮನೆಯಲ್ಲಿ ಇಂಗ್ಲಿಷಿನ ಪಿ, ಎರಡನೆಯದರಲ್ಲಿ ಎ, ಕೊನೆಯದರಲ್ಲೂ ಎ. ಕನ್ನಡದ ಸುತ್ತು, ಒತ್ತುಗಳಿಗೆ ಆ ಕೈ ಬಗ್ಗುವುದಿಲ್ಲ, ಇಂಗ್ಲಿಷಿನ ನೆಟ್ಟಗಿನ ಗೆರೆಯಾದರೆ ಹೇಗೋ ಬರುತ್ತದೆ. ಎಷ್ಟಕ್ಷರ, ಯಾವ ಮನೆಯಲ್ಲಿ ಯಾವ ಅಕ್ಷರ ಅಂತ ಕೊಟ್ಟರೆ ಪದ ಹುಡುಕಿಕೊಡುವ ಜಾಗ ಫೋನಿನಲ್ಲಿ ಇದೆಯಂತೆ. ಶರ್ವಾಣಿ ಒತ್ತಿದಳು. ಮೊದಲು ಬಂದದ್ದು ಪಟೆಲಾ, ಹಾಗಂದರೆ ಮಂಡಿಚಿಪ್ಪು. ಪಾಪ, ಮಂಡಿ ನೋಯುತ್ತಿದೆಯೇನೋ ಅಂತ ಹರಳೆಣ್ಣೆ ಹಚ್ಚಿ ತಿಕ್ಕಿದೆ. ಕಾಲು ಒದರಿದರು. ಆಮೇಲೆ ಪ್ಯಾನಸಿಯಾ, ಅಂದರೆ ಎಲ್ಲ ರೋಗಕ್ಕೂ ಒಂದೇ ಮದ್ದು. "ಅದು ಯಾವ ಮೆಡಿಕಲ್ ಸ್ಟೋರಲ್ಲಿ ಸಿಗುತ್ತೋ ಕೇಳೇ, ಈಗ್ಲೇ ಹೋಗ್ಬರ್ತೀನಿ" ಅಂದೆ. ಶರ್ವಾಣಿ ನಕ್ಕಳು. ಇವರು ನಗಲಿಲ್ಲ.

ಹಬ್ಬದ ಮರುದಿನ ಇನ್ನೆರಡು ಅಕ್ಷರ ಬಂದವು. ಮೂರನೆಯ ಮನೆಗೆ ಪಿ, ಆರನೆಯದಕ್ಕೆ ಕೆ. ಫೋನು ಒಂದೇ ಪದ ಕೊಟ್ಟಿತು, ಪ್ಯಾಪ್ರಿಕಾ. "ನಮ್ ಬ್ಯಾಡಗಿ ಮೆಣಸಿನ್ ಪುಡಿಗೆ ಫಾರಿನ್ ತಂಗಿ ಕಣಮ್ಮ" ಅಂದಳು ಇವಳು. ಸಹಕಾರನಗರದ ದೊಡ್ಡ ಅಂಗಡಿಯಿಂದ ಪುಟ್ಟ ಬಾಟಲಿ ತಂದು, ಮೊಸರನ್ನದ ಮೇಲೆ ಉದುರಿಸಿ ಮುಂದಿಟ್ಟೆವು. ತಟ್ಟೆ ತಳ್ಳಿಬಿಟ್ಟರು ಅತ್ತಿಗೆ. ಹಾಸಿಗೆಯೆಲ್ಲ ಕೆಂಪು. ಬೇಕಾದ್ದು ಏನೋ ಇದೆ, ನಮಗೆ ತಿಳಿಯುತ್ತಿಲ್ಲ ಅಂತ ಅವರಿಗೆ ಸಂಕಟ. ತಿಳಿಯುತ್ತಿಲ್ಲವಲ್ಲ ಅಂತ ನನಗೆ.

ಕೊನೆಗೆ ನಾಲ್ಕನೆಯ ಮನೆಗೂ ಎ ಬರೆದರು. ಈ ಸಲ ಅಂಥ ಪದವೇ ಇಲ್ಲ ಅಂದಿತು ಫೋನು. ಶರ್ವಾಣಿ ಮೆಲ್ಲಗೆ, "ಅಪ್ಪಂಗೆ ಸ್ಪೆಲ್ಲಿಂಗ್ ಕಲಸಿಹೋಗಿದೆ ಅನ್ಸತ್ತಮ್ಮ" ಅಂದಳು. ಅವರಿಗೆ ಮಾತಿಲ್ಲವೇ ಹೊರತು ಕಿವಿ ಚುರುಕು. ಬಳಪ ಕೆಳಗೆ ಹಾಕಿ ಗೋಡೆಯ ಕಡೆ ತಿರುಗಿಕೊಂಡವರು ಮತ್ತೆ ಮುಟ್ಟಲಿಲ್ಲ. ಕೈಗೆ ಕೊಟ್ಟರೂ ಹಿಡಿಯಲಿಲ್ಲ. ಡಾಕ್ಟರು ಹೇಳಿ ಹೆದರಿಸಿದ್ದು ಇದನ್ನೇ ತಾನೇ? ಒಳಗೂ ಹೊರಗೂ ಓಡಾಡಿ ಓಡಾಡಿ ಸಾಕಾಯಿತು. ನಿನ್ನೆ ಬೆಳಿಗ್ಗೆ ರವೆ ಹುರಿಯುತ್ತಾ ನಿಂತಿದ್ದಾಗ ಥಟ್ಟನೆ ಹೊಳೆಯಿತು. ಉಪ್ಪಿಟ್ಟು! ಲೆಕ್ಕ ಸರಿ, ಆದರೆ ಇಂಗ್ಲಿಷಲ್ಲ. ಹುಡುಗರು ಫೋನಿನಲ್ಲಿ "ಊಟ ಆಯ್ತಾ" ಅಂತ ಇಂಗ್ಲಿಷ್ ಅಕ್ಷರದಲ್ಲೇ ಕಳಿಸುವುದಿಲ್ಲವೇ? ಇವರದೂ ಹಾಗೇ ಕನ್ನಡದ ಪದ ಇರಬೇಕು. ರವೆ ಸೀದರೆ ಸೀಯಲಿ ಅಂತ ಹೋಗಿ ಸ್ಲೇಟು ಹಿಡಿದು, ಬಸ್ಸಿನ ಬೋರ್ಡು ಓದುವ ಹಾಗೆ ಕೂಡಿಸಿ ಕೂಡಿಸಿ ಓದಿದೆ. ಇವರು ತಿರುಗಿದರು. ಆ ಮುಖವನ್ನು ನೀವು ನೋಡಬೇಕಿತ್ತು.

ಏನು ಪದ ಅಂತ ಕೊನೆಗೆ ಬರೆಯುತ್ತೇನೆ. ಮೊದಲೇ ಬರೆದರೆ ನೀವು ಕಾಗದ ಮಡಚಿಟ್ಟುಬಿಡುತ್ತೀರಿ. ನಮ್ಮ ಹಿರಿಮಗಳು ಯಶೋಧಾಳ ಮದುವೆ ಕಾರ್ಡಿನ ವಿಷಯಕ್ಕೆ ನಾನು ಇವರ ಪರ ನಿಲ್ಲುವುದಿಲ್ಲ. ಇಂಗ್ಲಿಷ್ ಕಾರ್ಡೇ ಆಗಬೇಕು ಅಂದವರು ಇವರು. ಸಾಲು ಉದ್ದವಾಯಿತು, ದ್ರೌಪದಮ್ಮ ಅನ್ನುವಷ್ಟು ಜಾಗವಿಲ್ಲ ಅಂತ ಸ್ವಂತ ಅಕ್ಕನ ಹೆಸರನ್ನೇ ತೆಗೆಸಿದವರೂ ಇವರೇ. "ನನ್ ಹೆಸರು ಹಿಡಿಸದ ಮನೇಲಿ ನಾನೂ ಹಿಡಿಸಲ್ಲ ಕಣಪ್ಪ" ಎಂದು ಛತ್ರದ ಬಾಗಿಲಿನಿಂದಲೇ ನೀವು ಹಿಂದಿರುಗಿದಿರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಇನ್ನೂ ಎರಡು ಮಾತು ಜಾಸ್ತಿಯೇ ಆಡುತ್ತಿದ್ದೆ.

ಅಣ್ಣನವರಿಗೆ ನಮಸ್ಕಾರ ತಿಳಿಸಿ. ಮಕ್ಕಳಿಗೆ, ಮೊಮ್ಮಕ್ಕಳಿಗೆ ನಮ್ಮೆಲ್ಲರ ಆಶೀರ್ವಾದ. ಮಂಡಿಗೆ ಹರಳೆಣ್ಣೆ ಹಚ್ಚಿಕೊಳ್ಳಿ, ಇಲ್ಲಿ ಒಂದು ಬಟ್ಟಲು ಮಿಕ್ಕಿದೆ.

ನಿಮ್ಮ,
ಅಂಜಿನಮ್ಮ

ಮರೆತ ಮಾತು, ೯ ಏಪ್ರಿಲ್: ಆ ಪದ "ಪಾಪಕ್ಕ", ಖಾಲಿ ಉಳಿದಿದ್ದ ಐದನೆಯ ಮನೆಗೆ ಇನ್ನೊಂದು ಕೆ. ನಾನು ಈ ಮನೆಗೆ ಸೊಸೆಯಾಗಿ ಬಂದ ದಿನ ಅತ್ತೆಯವರು ನಿಮ್ಮನ್ನು "ಪಾಪಕ್ಕಾ, ಆರತಿ ತಟ್ಟೆ ತಾರೇ" ಎಂದು ಕೂಗಿದ್ದು ನೆನಪಾಯಿತು. "ಮಕ್ಕಳ ತಾಯಿನ ಪಾಪಕ್ಕ ಅಂತೀರಲ್ಲ, ನಾಚಿಕೆ ಆಗಲ್ವಾ?" ಎಂದು ನೀವು ಬೈದ ಮೇಲೆ ಆ ಹೆಸರನ್ನು ಯಾರೂ ಎತ್ತಲಿಲ್ಲ. ನಿನ್ನೆ ಸಂಜೆ ಈ ಕಾಗದವನ್ನು ಇವರಿಗೂ ಶರ್ವಾಣಿಗೂ ಓದಿ ಹೇಳಿದೆ. ಇವತ್ತು ಬೆಳಿಗ್ಗೆ ಶರ್ವಾಣಿ ರಜೆ ಹಾಕಿ, ನಿಮ್ಮನ್ನು ಕರೆತರಲು ಕಾರು ಗೊತ್ತುಮಾಡಿ ಬಂದಳು. ಈ ಕಾಗದವನ್ನು ಅವಳೇ ನಿಮ್ಮ ಕೈಗೆ ಕೊಡುತ್ತಾಳೆ. ನಾನು ಕಾಫಿ ಹಿಡಿದು ಒಳಗೆ ಹೋದರೆ ಇವರು ಸ್ಲೇಟು ಒರೆಸಿ ಹೊಸ ಮನೆಗಳನ್ನು ಹಾಕಿದ್ದರು. ಈ ಸಲ ದ್ರೌಪದಮ್ಮ ಅಂತ ಪೂರ್ತಿ ಹೆಸರು. ಸ್ಲೇಟು ಅರ್ಧಕ್ಕೇ ಮುಗಿದು, ಮಿಕ್ಕ ಅಕ್ಷರಗಳು ಪಕ್ಕದ ಗೋಡೆಯ ಮೇಲೆ ಹೋಗಿವೆ. ಒಂದನ್ನೂ ಬಿಟ್ಟಿಲ್ಲ. ನೀವು ಬಂದು ನೋಡುವವರೆಗೆ ಆ ಗೋಡೆಯನ್ನು ಒರೆಸುವುದಿಲ್ಲ.