ಅರಳದ ಗುಂಡು

ಸೆಪ್ಟೆಂಬರ್ 9, ಶನಿವಾರ

ಭುಜ ನೋಯುತ್ತಿದೆ. ಸಿಟ್ಟು ಅದಕ್ಕಿಂತ ಹೆಚ್ಚು. ಪಕ್ಕದ ಮನೆಯ ಆರ್ಲೋ ತನ್ನ ಲೇತಿನಲ್ಲಿ ಕಡೆದ ತಾಮ್ರದ ಗುಂಡುಗಳನ್ನು ಈ ಸಲದ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಮಾರಲು ಹೊರಟಿದ್ದಾನೆ. ಡಬ್ಬಿಯ ಮೇಲೆ ‘ಸಾವಿರ ಗಜಕ್ಕೂ ಸೈ’ ಎಂದು ಅಚ್ಚು ಹಾಕಿಸಿದ್ದಾನೆ, ಪರೀಕ್ಷಿಸಿದ್ದು ಮಾತ್ರ ನೂರು ಗಜದಿಂದ. ಅಷ್ಟು ಹತ್ತಿರದಿಂದ ಹೊಡೆದರೆ ಪ್ರಾಣಿಯ ಮೈಗೆ ಬದಲಾಗಿ ಇಟ್ಟ ನೀರಿನ ಕ್ಯಾನಿನೊಳಗೆ ಗುಂಡಿನ ಮೂತಿ ಹೂವಿನಂತೆ ಅರಳುತ್ತದೆ; ಹಾಗೆ ಅರಳಿದರೇ ಪ್ರಾಣಿ ಅಲ್ಲೇ ಬೀಳುವುದು. ಇವತ್ತು ಹಟ ಹಿಡಿದು ನಾನೇ ಸಾವಿರ ಗಜದಿಂದ ಹೊಡೆದೆ. ವೇಗ ಕಳೆದುಕೊಂಡ ಗುಂಡು ಅರಳಲೇ ಇಲ್ಲ. ಕ್ಯಾನುಗಳನ್ನು ಸೂಜಿಯಂತೆ ತೂರಿ ಹಿಂದಿನ ಮರಳುಮೂಟೆಯಲ್ಲಿ ಕೂತಿತ್ತು.

“ತಾಗಿತಲ್ಲಜ್ಜಾ! ಇನ್ನೇನು, ಬಂದು ಸಲಾಮು ಹೊಡೀಬೇಕಿತ್ತಾ?” ಎಂದ ಆರ್ಲೋ.

“ಪ್ರಾಣಿ ಬೀಳ್ಬೇಕು ಕಣೋ. ತೂತು ಹೊತ್ಕೊಂಡು ಓಡಬಾರದು.”

“ಡಬ್ಬಿ ಎಲ್ಲಾ ಪ್ರಿಂಟ್ ಆಗೋಗಿದೆ.”

ಗುಂಡು ಮಾರುವವರ ಈ ಉತ್ತರ ನನಗೆ ಹೊಸದಲ್ಲ. ಹಿಂದೆ ಇಂಥದೇ ಡಬ್ಬಿಯನ್ನು ನಂಬಿ ಆರ್ಲೋನ ಅಪ್ಪ ದೂರದಿಂದ ಹೊಡೆದ ಹೆಣ್ಣು ಎಲ್ಕನ್ನು, ರಕ್ತದ ಜಾಡು ಹಿಡಿದು, ಹಿಮದಲ್ಲಿ ಕತ್ತಲಾಗುವವರೆಗೂ ಅವನೂ ನಾನೂ ಹುಡುಕಿದ್ದೆವು. ಸಿಗಲಿಲ್ಲ. ಅವನಪ್ಪ ಮತ್ತೆಂದೂ ದೂರದಿಂದ ಹೊಡೆಯಲಿಲ್ಲ. ಅದನ್ನು ಹೇಳಿದೆ.

ಆರ್ಲೋ ಬಹಳ ಹೊತ್ತು ಆ ಗುಂಡಿನ ಮರಳು ಒರೆಸುತ್ತಿದ್ದ. ಆಮೇಲೆ ಪೆನ್ನು ತೆಗೆದು ಒಂದು ಡಬ್ಬಿಯ ಮೇಲಿನ ‘ಸಾವಿರ’ವನ್ನು ಹೊಡೆದುಹಾಕಿದ.

“ನಾನೂರು ಅಂತ ಬರೀಲಾ ಅಜ್ಜಾ?”

“ಮೊದಲು ನಾನೂರರಿಂದ ಹೊಡೆದು ನೋಡೋಣ.”

ನಾಳೆ ಮತ್ತೆ ಕ್ಯಾನುಗಳಿಗೆಲ್ಲ ನೀರು ತುಂಬಬೇಕು. ಈ ಭುಜ ಬಂದೂಕಿನ ಒದೆತ ಇನ್ನೆಷ್ಟು ತಡೆಯುತ್ತದೋ.